ಮನೆ ನೋಡಲು ಬಂದವರು

ಶೆಟ್ಟಿಹಳ್ಳಿ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಆಶಕ್ಕನಿಗೆ,

ನಿನ್ನ ತಮ್ಮ ನಂದಕುಮಾರನ ನಮಸ್ಕಾರ. ಭಾವನವರ ಬೆನ್ನುನೋವು ಈಗ ಹೇಗಿದೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಗೌರಿ ಹಬ್ಬಕ್ಕೆ ಬಾಗಿನ ಹಿಡಿದುಕೊಂಡು ದಾವಣಗೆರೆಗೆ ನಾನೇ ಬರಬೇಕಾಗಿತ್ತು. ಬರಲಿಲ್ಲ. ಕೊರಿಯರಿನಲ್ಲಿ ಸೀರೆ ಕಳಿಸಿ ಸುಮ್ಮನಾದೆ. ನೀನು ಫೋನ್ ಮಾಡಿದಾಗಲೆಲ್ಲ ಮೀಟಿಂಗಿನಲ್ಲಿದ್ದೇನೆ ಅಂದೆ. ಯಾವ ಮೀಟಿಂಗೂ ಇರಲಿಲ್ಲ. ನಿನ್ನ ದನಿ ಕೇಳಿದರೆ ಎಲ್ಲ ಬಾಯಿಗೆ ಬಂದುಬಿಡುತ್ತದೆಂದು ಹೆದರಿದ್ದೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಬೈಯಲು ಶುರುಮಾಡುತ್ತೀಯ, ನಾನು ಉಳಿದರ್ಧ ನುಂಗಿಕೊಳ್ಳುತ್ತೇನೆ. ಅದಕ್ಕೇ ಕಾಗದ. ಕೊನೆಯವರೆಗೂ ಓದು, ಆಮೇಲೆ ಬೈ.

ಮನೆ ಮಾರುವ ವಿಷಯ ನಿನಗೆ ಗೊತ್ತೇ ಇದೆ. ಯುಗಾದಿಗೆ ನೀನು ಬಂದಾಗ ಅಮ್ಮ, ನೀನು, ನಾನು ಮೂವರೂ ಕೂತು ಮಾತಾಡಿದ್ದೆವಲ್ಲ. ಎರಡೂ ಪಕ್ಕ ನಾಲ್ಕಂತಸ್ತು ಎದ್ದು ಹಾಲಿನಲ್ಲಿ ಹಗಲಲ್ಲೂ ಲೈಟ್ ಹಾಕಬೇಕು, ಪದ್ಮಶ್ರೀಗೆ ಪಾಠ ಮಾಡಲು ಚಿಕ್ಕಬಾಣಾವರದ ಸ್ಕೂಲಿಗೆ ಓಡಾಡಿ ಸಾಕಾಗಿದೆ, ಅಲ್ಲೇ ಒಂದು ಮನೆ ನೋಡಿಟ್ಟಿದ್ದೇವೆ. "ಮಾರ್ಬುಡು, ಬಿಸ್ಲಿಲ್ದಿರೋ ಮನೇಲಿ ಎಷ್ಟ್ ದಿನ ಅಂತ ಇರಾದು" ಎಂದು ಮೊದಲು ಹೇಳಿದವಳೂ ಅಮ್ಮನೇ. ಅಲ್ಲಿಯವರೆಗೆ ಯಾರಿಗೂ ಯಾರ ಮೇಲೂ ಬೇಸರವಿರಲಿಲ್ಲ.

ಹೆಬ್ಬಾಳದ ಕಡೆಯ ಬ್ರೋಕರ್ ವೇಣುಗೋಪಾಲ್ ಎಂಬಾತ ಪಾರ್ಟಿಗಳನ್ನು ಕಳಿಸತೊಡಗಿದ. ಅಲ್ಲಿಂದ ಶುರುವಾಯಿತು ಚಪ್ಪಲಿಯ ರಗಳೆ. ಅಮ್ಮನ ವಿಷಯ ನಿನಗೆ ಹೇಳಬೇಕಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತರುವವನೂ ಅವಳ ಮುಂದೆ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು. ಮನೆ ನೋಡಲು ಬರುವವರು ಮಾತ್ರ ಯಾವ ಲೆಕ್ಕ? ಬಾಗಿಲಲ್ಲೇ ನಿಂತು, "ಚಪ್ಲಿ ಆಚೆ ಬಿಟ್ಬನ್ನಿ, ಒಳಗೆ ದೇವ್ರು ಅವ್ರೆ" ಎನ್ನುತ್ತಿದ್ದಳು. ಬಹಳ ಜನ ನಗುತ್ತಲೇ ಬಿಚ್ಚಿದರು. ವಾಸ್ತು ನೋಡುವವನನ್ನು ಜೊತೆಗೆ ಕರೆತಂದಿದ್ದ ಒಬ್ಬ ಗೃಹಸ್ಥ ಮಾತ್ರ, "ನಾವು ಪ್ರಾಪರ್ಟಿ ನೋಡೋಕ್ ಬಂದಿರೋದು, ಪೂಜೆಗಲ್ಲ" ಎಂದು ಹೊಸಿಲ ಹೊರಗಿನಿಂದಲೇ ಕಾರು ಹತ್ತಿ ಹೋದ.

ಅವತ್ತೇ ಸಾಯಂಕಾಲ ವೇಣುಗೋಪಾಲ್ ಫೋನ್ ಮಾಡಿದ. "ಸಾರ್, ಮುಂದಿನ ಪಾರ್ಟಿ ಒಳ್ಳೆ ಪಾರ್ಟಿ. ಗಂಡ ಹೆಂಡ್ತಿ ಇಬ್ರೂ ದೊಡ್ಡ ಕೆಲ್ಸದಲ್ಲಿದಾರೆ, ಆರ್.ಟಿ. ನಗರದಲ್ಲಿ ಬಾಡಿಗೆಗಿದಾರೆ. ಶೂ ಬಿಚ್ಚಿ ಗಿಚ್ಚಿ ಅನ್ನೋಕೆ ಹೋಗ್ಬೇಡಿ. ಬಾಗ್ಲಲ್ಲೇ ಮೂಡ್ ಹಾಳಾದ್ರೆ ಒಳಗೆ ಅರಮನೆ ಇದ್ರೂ ಇಷ್ಟ ಆಗಲ್ಲ" ಎಂದ. ನನಗೂ ಅದೇ ಸರಿ ಎನಿಸಿತು.

ಆ ಶನಿವಾರ ಪದ್ಮಶ್ರೀಗೆ ಸ್ಕೂಲಿತ್ತು. ನಾನೊಬ್ಬನೇ. "ಅಮ್ಮ, ಒಂದ್ ಗಂಟೆ ಮುನಿಕೃಷ್ಣಮ್ಮನ ಮನೇಲಿ ಕೂತಿದ್ದು ಬಾ, ಅವರು ಬಂದು ನೋಡ್ಕೊಂಡು ಹೋಗ್ಲಿ" ಎಂದೆ. ಅಮ್ಮ ಯಾಕೆ ಎನ್ನಲಿಲ್ಲ. ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಬಂದವರು ಜಯಸಿಂಹ, ಕೌಸಲ್ಯಾ ಎಂದು. ಒಳ್ಳೆಯ ಜನ ಅಕ್ಕ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬೀದಿಯನ್ನು ಒಳಚರಂಡಿ ಪೈಪಿಗೆಂದು ಅಗೆದು ಹಾಕಿದ್ದರು, ಹಿಂದಿನ ರಾತ್ರಿ ಮಳೆ ಬೇರೆ ಬಂದಿತ್ತು. ಜಯಸಿಂಹ ಬಾಗಿಲಲ್ಲಿ ತಮ್ಮ ಶೂ ನೋಡಿಕೊಂಡು, "ಮಣ್ಣಾಗಿದೆ, ಬಿಚ್ಚಬೇಕಾ?" ಎಂದು ಕೇಳಿದರು. ಕೇಳಿದರು ಅಕ್ಕ. "ಏ ಪರವಾಗಿಲ್ಲ ಸಾರ್, ಬನ್ನಿ ಬನ್ನಿ" ಎಂದು ಕರೆದುಕೊಂಡು ಬಂದವನು ನಾನು.

ಮನೆ ತೋರಿಸುತ್ತ ನಾನು ಆಫೀಸಿನಲ್ಲಿ ಮೇಲಿನವರ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದೆ. "ನೀವು ಮೂಲತಃ ಎಲ್ಲಿಯವರು?" ಎಂದು ಆಕೆ ಕೇಳಿದಾಗ, "ಬೆಂಗಳೂರಿನವರೇ ಮೇಡಂ" ಎಂದೆ. ಇದೇ ನಮ್ಮೂರು, ಎದುರಿಗಿನ ಅಪಾರ್ಟ್‌ಮೆಂಟ್ ನಿಂತಿರುವುದು ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಎನ್ನುವುದು ಯಾಕೋ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಅಮ್ಮ ಹಿತ್ತಿಲ ಬಾಗಿಲಿನಿಂದ ಬಂದಳು. ಮುನಿಕೃಷ್ಣಮ್ಮನ ಮನೆಗೆ ಯಾರೋ ಹೆಣ್ಣು ನೋಡಲು ಬಂದಿದ್ದರಂತೆ, ಅಲ್ಲಿ ಕೂರಲು ಸಂಕೋಚವಾಗಿ ಎದ್ದು ಬಂದಿದ್ದಾಳೆ. ಹಾಲಿನ ತುಂಬ ಕೆಂಪು ಹೆಜ್ಜೆ ಕಂಡಿದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ನೆಲ ಒರೆಸುವ ಬಟ್ಟೆ ಹಿಡಿದು ಬರುವ ಹೊತ್ತಿಗೆ ಜಯಸಿಂಹ ದೇವರ ಕೋಣೆಯ ಬಾಗಿಲಿಗೆ ಬಂದಿದ್ದರು.

"ಶೂಸ್ ಬಿಚ್ಚಾಕ್ಬುಟ್ ಬನ್ನಿ ಸಾಮಿ. ಅದು ದೇವ್ರುದು" ಎಂದಳು.

ಅವರು ಅಲ್ಲೇ ನಿಂತರು. ಕೌಸಲ್ಯಾ ನನ್ನ ಕಡೆ ತಿರುಗಿ ಮೆಲ್ಲಗೆ, "ಇವರು ಯಾರು?" ಎಂದು ಕೇಳಿದರು. ಕೊಂಕು ಇರಲಿಲ್ಲ. ಬರಿಯ ಪ್ರಶ್ನೆ.

ನಾನು ಹೇಳಿದೆ, "ಕೆಲಸದವರು ಮೇಡಂ. ತುಂಬಾ ವರ್ಷದಿಂದ ಇದಾರೆ. ಸ್ವಲ್ಪ ಸಲಿಗೆ ಜಾಸ್ತಿ."

ಅಕ್ಕ, ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಯೋಚಿಸಿ ಹೇಳಿದ್ದೂ ಅಲ್ಲ. ಆದರೆ ನಾಲಿಗೆ ತಡವರಿಸಲಿಲ್ಲ. ಎಷ್ಟೋ ದಿನದಿಂದ ಒಳಗೆ ತಯಾರಾಗಿ ಕೂತಿದ್ದ ಮಾತಿನ ಹಾಗೆ ಸಲೀಸಾಗಿ ಬಂತು. ನೆನೆದಾಗಲೆಲ್ಲ ನನಗೆ ಹೆದರಿಕೆಯಾಗುವುದು ಅದಕ್ಕೇ.

ಅಮ್ಮ ನನ್ನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಬಗ್ಗಿ ಮಣ್ಣು ಒರೆಸತೊಡಗಿದಳು. ನಾವು ರೂಮಿನಿಂದ ರೂಮಿಗೆ ಹೋದ ಹಾಗೆ ಅವಳೂ ಹಿಂದೆ ಒರೆಸುತ್ತ ಬಂದಳು. ಮಂಡಿ ನೋವಿಗೆ ನಡುನಡುವೆ ಗೋಡೆ ಹಿಡಿದು ಏಳುತ್ತಿದ್ದಳು. ಕೈ ಕೊಡಲು ನಾನು ಹೋಗಲಿಲ್ಲ. ಕೆಲಸದವರು ಎಂದ ಮೇಲೆ ಹೇಗೆ ಹೋಗಲಿ? ಹೊರಡುವಾಗ ಕೌಸಲ್ಯಾ, "ಪಾಪ, ಈ ವಯಸ್ಸಲ್ಲೂ ಎಷ್ಟ್ ನೀಟಾಗಿ ಮಾಡ್ತಾರೆ. ನಾವು ಬಂದ್ರೆ ನಮ್ಮನೆಗೂ ಬರ್ತೀರಾ ಅಜ್ಜಿ?" ಎಂದು ಕೇಳಿದರು.

"ನೋಡಾನ ಕಣಮ್ಮ" ಎಂದಳು ಅಮ್ಮ.

ಅವರು ಹೋದ ಮೇಲೆ ನಾನು ಸುಮ್ಮನೆ ಪೈಪಿನವರನ್ನು ಬೈಯುವ ನೆಪದಲ್ಲಿ ಬೀದಿಗೆ ಹೋದೆ. ವಾಪಸ್ ಬಂದಾಗ ಅಮ್ಮ ತಟ್ಟೆ ಹಾಕಿ ಮುದ್ದೆ ಬಡಿಸಿದಳು. ಸಾರು ಸಾಕಾ ಎಂದು ಕೇಳಿದಳು. ಬೇರೇನೂ ಇಲ್ಲ.

ಪದ್ಮಶ್ರೀಗೆ ತಿಳಿದದ್ದು ವೇಣುಗೋಪಾಲನಿಂದ. ಸಂಜೆ ನನ್ನ ಫೋನನ್ನು ಅವಳೇ ಎತ್ತಿಕೊಂಡಳು. "ಪಾರ್ಟಿಗೆ ಇಷ್ಟ ಆಗಿದೆ ಮೇಡಂ. ಆದ್ರೆ ನಿಮ್ಮನೆ ಕೆಲ್ಸದ ಅಜ್ಜಿಗೆ ಸ್ವಲ್ಪ ದಿನ ಬರ್ಬೇಡ ಅಂತ ಹೇಳಿ, ಬಾಯಿ ಜಾಸ್ತಿಯಂತೆ" ಎಂದನಂತೆ. "ಯಾವ ಅಜ್ಜಿ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಅಡುಗೆಮನೆಯ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೂಗಾಡಲಿಲ್ಲ. "ನಾನು ಹೊರಗಿನಿಂದ ಬಂದ ಸೊಸೆ ಕಣ್ರೀ. ನನ್ನ ಬಾಯಲ್ಲಿ ಆ ಮಾತು ಬಂದಿದ್ರೆ ನೀವೆಲ್ಲ ನನ್ನ ಮನೇಲಿ ಇಟ್ಕೊಳ್ತಿದ್ರಾ?" ಎಂದಳು. ಅವತ್ತಿನಿಂದ ನನ್ನ ಜೊತೆ ಅವಳ ಮಾತು ಎಷ್ಟು ಬೇಕೋ ಅಷ್ಟೇ.

ಮುಂದಿನದು ನಿನಗೆ ಹೊಳೆದಿರಬೇಕು. ಮನೆ ಇರುವುದು ಯಾರ ಹೆಸರಲ್ಲಿ? ಅಪ್ಪ ಕಟ್ಟಿಸುವಾಗಲೇ ಹಟ ಮಾಡಿ ಗೋಪಾಲಮ್ಮ ಎಂದು ಅಮ್ಮನ ಹೆಸರನ್ನೇ ಬರೆಸಿದ್ದರಲ್ಲ. ಮುಂದಿನ ಭಾನುವಾರ ಪತ್ರಗಳನ್ನು ನೋಡಿ, ಮನೆ ಯಜಮಾನಿಯ ಹತ್ತಿರ ಮಾತಾಡಿ ಅಗ್ರಿಮೆಂಟಿನ ದಿನ ಗೊತ್ತು ಮಾಡೋಣ ಎಂದು ಜಯಸಿಂಹ ಹೇಳಿ ಕಳಿಸಿದರು. ಆ ವಾರವೆಲ್ಲ ಅಡ್ಡದಾರಿ ಹುಡುಕಿದೆ. ಅಮ್ಮ ಊರಲ್ಲಿಲ್ಲ ಅನ್ನಲೇ? ಪವರ್ ಆಫ್ ಅಟಾರ್ನಿ ಬರೆಸಿಕೊಳ್ಳಲೇ? ಕೊನೆಗೆ ಶನಿವಾರ ಅವಳ ಮುಂದೆ ಕೂತು, "ಅಮ್ಮ, ನಾಳೆ ಅವರು ಬರ್ತಾರೆ. ನಿನ್ನ ಜೊತೆ ಮಾತಾಡ್ಬೇಕಂತೆ" ಎಂದೆ.

ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಯಾವ ಸೀರೆ ಉಟ್ಕಳ್ಳಿ?" ಎಂದು ಕೇಳಿದಳು.

ಕೋಪವೋ, ನಿಜವಾಗಿಯೂ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಎದ್ದು ಹೊರಗೆ ಹೋದೆ.

ಭಾನುವಾರ ಪದ್ಮಶ್ರೀಯೇ ಅಮ್ಮನಿಗೆ ನಿನ್ನ ಮದುವೆಯಲ್ಲಿ ಉಟ್ಟಿದ್ದ ಹಸಿರು ರೇಷ್ಮೆ ಸೀರೆ ಉಡಿಸಿ, ಹೂ ಮುಡಿಯಲ್ಲವೆಂದರೂ ತಲೆ ಬಾಚಿ, ಹಾಲಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿದಳು. ಅವರಿಬ್ಬರೂ ವೇಣುಗೋಪಾಲನೂ ಮಾತಾಡುತ್ತ ಒಳಗೆ ಬಂದರು. ಕಳೆದ ಸಲದ ರೂಢಿಯಂತೆ ಶೂ ಹಾಕಿಕೊಂಡೇ. ಹಾಲಿನ ಮಧ್ಯಕ್ಕೆ ಬಂದು ಕೌಸಲ್ಯಾ ನಿಂತುಬಿಟ್ಟರು.

"ಇವರು ಅವತ್ತು..." ಎಂದು ಅಷ್ಟಕ್ಕೇ ನಿಲ್ಲಿಸಿದರು.

"ನಮ್ಮತ್ತೆ. ಮನೆ ಇವರದೇ" ಎಂದಳು ಪದ್ಮಶ್ರೀ.

ನಾನು ಬಾಯಿ ಬಿಡಬೇಕಿತ್ತು. ಅಮ್ಮನೇ ಮಾತಾಡಿದಳು. "ಕೂತ್ಕಳ್ಳಮ್ಮ. ಅವತ್ತು ಕೈಲಿ ಒರ್ಸೋ ಬಟ್ಟೆ ಇತ್ತಲ್ಲ, ನೀವು ಅಂಗನ್ಕಂಡ್ರಿ. ಯಾರಾದ್ರೂ ಅನ್ಕಳಾದೆಯ."

ಅವರು ಅಂದುಕೊಂಡಿರಲಿಲ್ಲ, ನಾನು ಹೇಳಿದ್ದೆ. ಅದು ಆ ಹಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವೇಣುಗೋಪಾಲ್ ಮೊಬೈಲ್ ತೆಗೆದು ಏನೋ ನೋಡತೊಡಗಿದ. ಜಯಸಿಂಹ ಬಾಗಿಲಿಗೆ ವಾಪಸ್ ನಡೆದು, ಮೆಟ್ಟಿಲ ಮೇಲೆ ಕೂತು, ಲೇಸ್ ಬಿಚ್ಚಿ, ಶೂ ಹೊರಗಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಕೌಸಲ್ಯಾನೂ ಹಾಗೇ ಮಾಡಿದರು. "ನಮ್ಮಿಂದ ತಪ್ಪಾಯ್ತಮ್ಮ" ಎಂದರು ಜಯಸಿಂಹ, ಅಮ್ಮನಿಗೆ. ಕಾಫಿ ಕುಡಿದರು. ಪತ್ರಗಳನ್ನು ತಿರುವಿ ನೋಡಿದರು. ಅಮ್ಮನ ಊಟ, ಮಂಡಿನೋವು ಎಲ್ಲ ವಿಚಾರಿಸಿದರು. ಹೊರಡುವವರೆಗೂ ನನ್ನ ಮುಖ ಮಾತ್ರ ಇಬ್ಬರೂ ನೋಡಲಿಲ್ಲ.

ಎರಡು ದಿನ ಬಿಟ್ಟು ವೇಣುಗೋಪಾಲ್ ಹೇಳಿದ, ಪಾರ್ಟಿ ಬೇಡ ಅಂದಿದೆ ಎಂದು. ಯಾಕೆ ಎಂದೆ. ಮೊದಮೊದಲು ಏನೇನೋ ಹೇಳಿದ. ಒತ್ತಾಯ ಮಾಡಿದ ಮೇಲೆ, "ಬೇಜಾರ್ ಮಾಡ್ಕೋಬೇಡಿ ಸಾರ್. ಮನೆ ಇಷ್ಟಾನೇ ಅಂತೆ. ಹೆತ್ತ ತಾಯಿ ವಿಷಯದಲ್ಲೇ ಹೀಗ್ ಹೇಳೋರು ಪತ್ರದ ವಿಷಯದಲ್ಲಿ ಇನ್ನೇನ್ ಮುಚ್ಚಿಟ್ಟಿದಾರೋ ಅಂತಾರೆ. ನಾನು ಏನಂತ ಹೇಳ್ಲಿ?" ಎಂದ. ಅವನ ದನಿಯಲ್ಲೂ ನನ್ನ ಬಗ್ಗೆ ಮೊದಲಿನ ಮರ್ಯಾದೆ ಇರಲಿಲ್ಲ. ಸಾರ್ ಎನ್ನುವುದೊಂದನ್ನು ಉಳಿಸಿಕೊಂಡಿದ್ದ.

ಈ ಪಾರ್ಟಿ ಹೋದರೆ ಇನ್ನೊಬ್ಬರು ಬರುತ್ತಾರೆ, ಅದಕ್ಕೆ ನನಗೆ ದುಃಖವಿಲ್ಲ. ಆದರೆ ಈಗ ಸಂಜೆ ಆಫೀಸಿನಿಂದ ಬಂದು ಬಾಗಿಲಲ್ಲಿ ನನ್ನ ಶೂ ಬಿಚ್ಚುವಾಗ ಒಳಗೆ ಹೋಗಲು ಕಾಲು ಬರುವುದಿಲ್ಲ. ಅಮ್ಮ ಎಂದಿನಂತೆಯೇ ಇದ್ದಾಳೆ. ಬೈದಿದ್ದರೆ, ಅತ್ತಿದ್ದರೆ, ನಿನಗೆ ಫೋನ್ ಮಾಡಿ ಹೇಳಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ನಿನ್ನ ಹತ್ತಿರ ಅವಳು ಈ ಬಗ್ಗೆ ಒಂದು ಮಾತೂ ಆಡಿಲ್ಲವೆಂದು ನಿನ್ನ ದನಿಯಿಂದಲೇ ಗೊತ್ತಾಗುತ್ತದೆ.

ದಸರೆ ರಜೆಗೆ ನೀನೊಮ್ಮೆ ಬಾ. ಬೈಯುವುದನ್ನೆಲ್ಲ ಬೈ, ಅಮ್ಮನ ಎದುರಿಗೇ ಬೈ. ಆದರೆ ನನ್ನ ಜೊತೆ ಬರುತ್ತೀಯಾ ಎಂದು ಮಾತ್ರ ಅವಳನ್ನು ಕೇಳಬೇಡ. ಅವಳು ಹೂಂ ಅಂದುಬಿಟ್ಟರೆ ನಾನು ತಡೆಯುವ ಹಾಗಿಲ್ಲ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು, ಈ ಕಾಗದ ತೋರಿಸಬೇಡ. ಮಹತಿ ಪರೀಕ್ಷೆ ಚೆನ್ನಾಗಿ ಬರೆಯಲಿ, ಅವಳು ಅಂದುಕೊಂಡ ಕಾಲೇಜೇ ಸಿಗಲಿ. ಮಾವ ಹರಸಿದ್ದಾನೆ ಎಂದು ಹೇಳು. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಮ್ಮ,
ನಂದಕುಮಾರ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ: ಅಮ್ಮ ಎಂದಿನಂತೆಯೇ ಇದ್ದಾಳೆ ಎಂದು ಮೇಲೆ ಬರೆದದ್ದು ನಿಜವಲ್ಲ. ಹೋದ ವಾರ ಅವಳ ಕಾಲು ಹಿಡಿದುಕೊಂಡೆ. ಅವಳು ಕಾಲು ಎಳೆದುಕೊಂಡು, "ನಂಗೆ ಕ್ವಾಪ ಇಲ್ಲ ಕಣಪ್ಪ. ನಿಂಗೆ ನಾಚ್ಕೆ ಆಗಿದ್ದು ಯಾತುಕ್ಕೆ ಅಂತ ಏಳು. ಸೀರೇಗಾ? ನನ್ ಮಾತ್ಗಾ? ಏಳುದ್ರೆ ಬದ್ಲಾಯಿಸ್ಕತೀನಿ" ಎಂದಳು. ಆಫೀಸಿಗೆ ಹೊತ್ತಾಯಿತೆಂದು ನಾನು ಎದ್ದುಬಿಟ್ಟೆ. ಅವಳೇ ಏನೋ ತಿಳಿದುಕೊಂಡಿದ್ದಾಳೆ. ನಮ್ಮ ಮನೆಯಲ್ಲಿ ಹಾಲನ್ನು ಅಮ್ಮ ಎಂದಾದರೂ ಹಾಲು ಅಂದದ್ದುಂಟಾ ಅಕ್ಕ? ಆಲು ಎಂದೇ ಅಲ್ಲವಾ? ಈಗ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹಾಲು, ಹಣ್ಣು, ಹೋಗು ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿರುತ್ತಾಳಂತೆ. ಪದ್ಮಶ್ರೀ ಕೇಳಿಸಿಕೊಂಡಿದ್ದಾಳೆ. ನಿನ್ನೆ ಹೊಸ ಪಾರ್ಟಿ ಬಂತು. ಅಮ್ಮ ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬಂದು, ಒಂದೊಂದೇ ಮಾತನ್ನು ಜೋಪಾನವಾಗಿ ಇಡುತ್ತ, "ಚಪ್ಪಲಿ ಹಾಚೆ ಬಿಟ್ಟು ಹೊಳಗೆ ಬನ್ನಿ" ಎಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗು ತಡೆದುಕೊಂಡರು. ಅಮ್ಮ ಅವರನ್ನು ನೋಡಲಿಲ್ಲ. ಸರಿಯಾಗಿ ಅಂದೆನಾ ಎನ್ನುವ ಹಾಗೆ ನನ್ನ ಮುಖ ನೋಡಿದಳು.