ನಾಲ್ಕು ಗಂಟೆಯ ಟಾರ್ಪಲ್

ಚೇರಂಬಾಣೆ,
೯ ಫೆಬ್ರುವರಿ ೨೦೨೪

ಪ್ರೀತಿಯ ವಸಂತ,

ನಿನ್ನ ಯಮುನಕ್ಕ ಬರೆಯುವುದು. ಹೇಗಿದ್ದೀಯೋ ತಮ್ಮ? ಊಟ ಸೇರುತ್ತದೆಯೇ, ಮೊನ್ನೆ ನೋಡಿದ ಹಣೆಯ ಗಾಯ ಒಣಗಿತೇ? ಸಿಸ್ಟರ್ ಇದನ್ನು ಓದಿ ಹೇಳುವಾಗ ಸುಮ್ಮನೆ ಕುಳಿತು ಕೇಳು, ಕಾಗದ ಕಿತ್ತುಕೊಳ್ಳಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಮಂಡಿನೋವು, ಬಾಯಿಗೇನೂ ನೋವಿಲ್ಲ. ಕಾಫಿ ಕೊಯ್ಲು ಮುಗಿಯುತ್ತಾ ಬಂತು, ಕಣದ ತುಂಬ ಹಣ್ಣು ಒಣಗುತ್ತಿದೆ. ಸಂಜೆ ರಾಶಿ ಮಾಡಿ ಟಾರ್ಪಲ್ ಮುಚ್ಚುವುದು ಈಗ ಕೆಲಸದ ಮುತ್ತಿಯ ಪಾಲಿಗೆ ಬಂದಿದೆ. ನಾಲ್ಕು ಮೂಲೆಗೆ ಕಲ್ಲು ಇಡಲು ಅವಳಿಗೆ ದಿನವೂ ಮರೆಯುತ್ತದೆ. ನೀನಿದ್ದಿದ್ದರೆ ಅವಳನ್ನು ಕಣದಿಂದಲೇ ಓಡಿಸುತ್ತಿದ್ದೆ.

ನಾಲ್ಕು ಗಂಟೆಯಾದರೆ "ಮುಚ್ಚೊಕು ಅಕ್ಕ, ಮುಚ್ಚೊಕು" ಎಂದು ನೀನು ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಖಾಲಿ ಕಣಕ್ಕೂ ಟಾರ್ಪಲ್ ಹಾಸುತ್ತಿದ್ದೆ, ನಾವು ನಗುತ್ತಿದ್ದೆವು. ಅಮ್ಮ ಮಾತ್ರ ನಗದೆ, ಮುಚ್ಚಿ ಬಂದವನಿಗೆ ಒಂದು ಲೋಟ ಬೆಲ್ಲದ ಕಾಫಿ ಕೊಡುತ್ತಿದ್ದಳು. ಅಮ್ಮ ಹೋದ ಮೇಲೆ ನೀನು ಅನ್ನ ಬಿಟ್ಟು ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದಾಗ, ಹದಿನೈದು ದಿನದ ಮಟ್ಟಿಗೆ ಎಂದು ನಾನೇ ನಿನ್ನನ್ನು ಆ ಮಾನಸಿಕ ಆಸ್ಪತ್ರೆಗೆ ಸೇರಿಸಿದೆ. ಹತ್ತು ತಿಂಗಳಾಯಿತು. ಹುಟ್ಟಿದಾಗಿನಿಂದ ನಿನ್ನ ಬುದ್ಧಿ ಮಗುವಿನದು, ಹುಚ್ಚಲ್ಲ ಎಂದು ಗೊತ್ತಿದ್ದವಳೂ ನಾನೇ. ಫಾರಂನಲ್ಲಿ 'ದಿನನಿತ್ಯದ ಅಭ್ಯಾಸಗಳು' ಎಂದು ಕೇಳಿದ್ದರು. ಓದಿದವರ ಎದುರು ಟಾರ್ಪಲ್ ವಿಷಯ ಬರೆಯಲು ನಾಚಿಕೆಯಾಗಿ 'ಏನೂ ಇಲ್ಲ' ಎಂದು ಬರೆದೆ.

ತಿಂಗಳು ಕಳೆಯುವುದರೊಳಗೆ ಫೋನ್ ಬಂತು. ನೀನು ಬೇರೆಯವರ ಹಾಸಿಗೆಯಿಂದ ಬೆಡ್‌ಶೀಟ್ ಎಳೆಯುತ್ತೀಯಂತೆ, ಒಬ್ಬರು ಬಿದ್ದರಂತೆ, ಒಂಟಿ ಕೋಣೆಯಲ್ಲಿ ಬೀಗ ಹಾಕಿ ಇಡಬೇಕಂತೆ. ಹೋಗಿ ಸಹಿ ಮಾಡಿದೆ. ಎಷ್ಟು ಹೊತ್ತಿಗೆ ಎಳೆಯುತ್ತಾನೆ ಎಂದು ಒಂದು ಮಾತು ಕೇಳಲಿಲ್ಲ ನೋಡು. ಬಂದಾಗಲೆಲ್ಲ ಮೂರು ಗಂಟೆಯ ಬಸ್ಸಿಗೆ ಓಡುತ್ತಿದ್ದೆ. ಮೊನ್ನೆ ಬಸ್ಸು ತಪ್ಪಿತು, ವಾಪಸು ಬಂದು ಬಾಗಿಲ ಕಿಂಡಿಯಲ್ಲಿ ಇಣುಕಿದೆ. ದಿಂಬನ್ನು ನೆಲದ ನಡುವೆ ಇಟ್ಟು, ಮೇಲೆ ಬೆಡ್‌ಶೀಟ್ ಹೊದಿಸಿ, ಮೂಲೆಗಳಿಗೆ ತಟ್ಟೆ, ಲೋಟ, ಎರಡು ಚಪ್ಪಲಿ ಇಟ್ಟು ನೀನು ಬಾಗಿಲು ಬಡಿಯುತ್ತಿದ್ದೆ. ಗಡಿಯಾರ ನೋಡಿದೆ, ನಾಲ್ಕೂಕಾಲು. ನಿನ್ನನ್ನು ಒಳಗೆ ಕೂಡಿಹಾಕಿದ್ದು ನನ್ನ ನಾಚಿಕೆ ಕಣೋ, ಬೇರೆ ಯಾರೂ ಅಲ್ಲ.

ಮುಂದಿನ ಶುಕ್ರವಾರ ದೊಡ್ಡ ಡಾಕ್ಟರು ಸಿಗುತ್ತಾರಂತೆ. ನಾನೂ ಭಾವನೂ ಜೀಪಿನಲ್ಲಿ ಬರುತ್ತೇವೆ. ಎಲ್ಲ ಹೇಳಿ, ಆ ಸಹಿ ಹಿಂದಕ್ಕೆ ಪಡೆದು, ನಿನ್ನನ್ನು ಕರೆದುಕೊಂಡೇ ಹೊರಡುತ್ತೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಅಲ್ಲಿಯವರೆಗೆ ಕಾವೇರಮ್ಮ ನಿನ್ನನ್ನು ಕಾಯಲಿ.

ನಿನ್ನ,
ಯಮುನಕ್ಕ

ತಾ.ಕ.: ಇದು ಓದಿ ಹೇಳುವ ಸಿಸ್ಟರಿಗೆ. ದಯವಿಟ್ಟು ಶುಕ್ರವಾರದವರೆಗೆ ಕಾಯಬೇಡಿ. ಇವತ್ತೇ ನಾಲ್ಕು ಗಂಟೆಗೆ ಬಾಗಿಲು ತೆಗೆದು ಅವನ ಕೈಗೆ ಒಂದು ಹಳೆಯ ಬೆಡ್‌ಶೀಟ್, ನಾಲ್ಕು ಕಲ್ಲು ಕೊಡಿ. ಕಲ್ಲು ಎಂದು ಹೆದರಬೇಡಿ, ಅದು ಮೂಲೆಗೆ. ಅಂಗಳದಲ್ಲಿ ಹಾಸಿ ಮುಗಿಸಿದ ಮೇಲೆ ಅವನನ್ನು ಯಾರೂ ಹಿಡಿದು ತರಬೇಕಿಲ್ಲ. ತಾನಾಗಿಯೇ ಒಳಗೆ ಬಂದು ಒಂದು ಲೋಟ ಕಾಫಿ ಕೇಳುತ್ತಾನೆ.