ಗುಂಯ್ ಎನ್ನುವ ಪೆಟ್ಟಿಗೆ

ಬೆಟಗೇರಿ
ಸೋಮವಾರ, ತಾ. ೧೯-೧೧-೧೯೫೬

ಮುಂಬಯಿಯಲ್ಲಿರುವ ನಮ್ಮ ಮನೆಯವರಿಗೆ ದ್ರಾಕ್ಷಾಯಣಿಯ ನಮಸ್ಕಾರಗಳು.

ಮೊದಲು ನಿಮ್ಮ ಆರೋಗ್ಯದ ವಿಷಯ. ಕೆಮ್ಮು ಇಳಿಯಿತೇ? ಮುಂಬಯಿಗೆ ಹೋಗಿಬರುವ ಲಕ್ಕಪ್ಪನ ಕೈಯಲ್ಲಿ ಕಳಿಸಿದ ಕಟಕ ರೊಟ್ಟಿ, ಅಗಸಿ ಹಿಂಡಿ ಮುಟ್ಟಿದವೋ ಇಲ್ಲವೋ ನೀವು ಬರೆಯಲಿಲ್ಲ. ಮುಟ್ಟಿದ್ದರೂ ಬರೆಯುವವರಲ್ಲ ಎಂದು ಗೊತ್ತಿದ್ದೂ ಕೇಳುವುದು ನನ್ನ ರೂಢಿ. ಇಲ್ಲಿ ಅತ್ತೆಯವರು ಗಟ್ಟಿಯಾಗಿದ್ದಾರೆ, ಮೊಣಕಾಲು ನೋವೊಂದು ಬಿಟ್ಟರೆ. ಒಂದನೇ ತಾರೀಖಿಗೆ ನಮ್ಮ ಗದಗು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಯಲ್ಲಿ ಸಕ್ಕರೆ ಹಂಚಿದರು, ನಮ್ಮ ಓಣಿಯಲ್ಲೂ ಮೆರವಣಿಗೆ ಬಂತು. ಕನ್ನಡದವರೆಲ್ಲ ಒಂದಾದೆವು ಎಂದು ಮಂದಿ ಕುಣಿಯುತ್ತಿದ್ದರೆ ಅತ್ತೆಯವರು ಬಾಗಿಲಲ್ಲಿ ನಿಂತು, “ಹಂಗಾರ ನಮ್ಮ ಗೋಪಣ್ಣ ಈಗ ಯಾರ ಕಡೆ ಆದ?” ಎಂದು ಕೇಳಿದರು. ನೀವು ಯಾರ ಕಡೆ ಎಂಬುದು ಮೂರು ವರ್ಷದಿಂದ ನನಗೂ ತಿಳಿದಿಲ್ಲ.

ನಿಮ್ಮ ಹೋದ ವಾರದ ಪತ್ರ ಬಂತು. ಅತ್ತೆಯವರಿಗೆ ಓದಲು ಬಾರದ್ದರಿಂದ ಎಂದಿನಂತೆ ನಾನೇ ಓದಿ ಹೇಳಿದೆ. ನಿಮ್ಮ ಹಾಡಿನ ಎರಡನೇ ಗ್ರಾಮಫೋನ್ ಪ್ಲೇಟಿಗೆ ವಾದ್ಯದವರ ಖರ್ಚು ನಾವೇ ಕೊಡಬೇಕು, ಉಳಿದ ಮಗ್ಗವನ್ನೂ ಮಾರಿ ಕಳಿಸಿ ಎಂದು ಬರೆದಿದ್ದೀರಿ. ಮೊದಲನೇ ಮಗ್ಗ ಹೋದ ವರ್ಷವೇ ನಿಮ್ಮ ಮೊದಲನೇ ಪ್ಲೇಟಿಗಾಗಿ ಹೋಯಿತು. ಉಳಿದದ್ದು ನಾನು ಕೂತು ನೇಯುವ ಮಗ್ಗ, ನಮ್ಮಿಬ್ಬರ ರೊಟ್ಟಿ ಬರುವ ಮಗ್ಗ. ಅತ್ತೆಯವರು ಒಂದು ಕ್ಷಣವೂ ಯೋಚಿಸಲಿಲ್ಲ. “ಮಾರೂಣು. ಅಂಥಾ ಕಂಠದ ಮುಂದ ಈ ಕಟಗಿ ಏನ್ ದೊಡ್ಡದು?” ಎಂದು ಯಳವತ್ತಿಯ ಹುಚ್ಚೀರಪ್ಪನಿಗೆ ಹೇಳಿ ಕಳಿಸಿದರು. ಅವನು ಗುರುವಾರ ಮಗ್ಗ ನೋಡಲು ಬರುತ್ತಾನೆ. ಅತ್ತೆಯವರಿಗೆ ಇಷ್ಟು ಧೈರ್ಯ ಬಂದದ್ದು ನಿಮ್ಮ ಪ್ಲೇಟು ಕೇಳಿ. ಅದನ್ನು ನಾವು ಹೇಗೆ ಕೇಳಿದೆವು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಬರೆಯುತ್ತೇನೆ.

ಪಂಚಮಿಯ ಹೊತ್ತಿಗೆ ಲಕ್ಕಪ್ಪ ನೀವು ಕೊಟ್ಟ ಪ್ಲೇಟು ತಿರುಗಿಸುವ ಯಂತ್ರವನ್ನೂ ಪ್ಲೇಟನ್ನೂ ತಂದು ಇಳಿಸಿದ. “ನನ್ನ ಮಗ ಹೆಂಗ ಹಾಡತಾನಪಾ?” ಎಂದು ಅತ್ತೆ ಕೇಳಿದರೆ ಚಹಾ ಸಹ ಕುಡಿಯದೆ ಎದ್ದ. ಯಾಕೆಂದು ಆಗ ನನಗೆ ತಿಳಿಯಲಿಲ್ಲ. ಪ್ಲೇಟಿನ ಮೇಲಿದ್ದ ಹೆಸರು ಬೇರೆ. ಮುಂಬಯಿಯಲ್ಲಿ ಪ್ಲೇಟಿಗೆಂದು ಹೆಸರು ಬದಲಿಸುತ್ತಾರೆ ಎಂದು ನೀವು ಬರೆದಿದ್ದಿರಿ, ನಂಬಿದೆವು. ಮಾವನವರು ಇದ್ದಾಗ ಕೊಂಡ ರೇಡಿಯೋದ ಹಿಂದೆ ತಂತಿ ಸಿಕ್ಕಿಸಿದರೆ ಸಾಕು ಎಂದೂ ಬರೆದಿದ್ದಿರಿ. ಸಿಕ್ಕಿಸಿದೆ. ಸೊಳ್ಳೆ ಹಾಡಿದಂತೆ ಕೇಳಿತು. ನೆರೆಯ ರಸೂಲಬಿ ಕಂಡಿಕೆಗೆ ನೂಲು ಸುತ್ತುವುದು ಬಿಟ್ಟು ಬಂದು ರೇಡಿಯೋಕ್ಕೆ ಕಿವಿ ಹಚ್ಚಿ, “ಪಾಪ, ಊಟ ಮಾಡಿಲ್ಲ ಕಾಣತೈತಿ” ಎಂದಳು.

ಮರುದಿನ ಅವಳನ್ನೇ ಜೊತೆ ಮಾಡಿಕೊಂಡು ಯಂತ್ರವನ್ನು ಸೆರಗಿನಲ್ಲಿ ಮುಚ್ಚಿ ಗದಗಿಗೆ ಹೋದೆ. ರೇಡಿಯೋ ರಿಪೇರಿ ಮಾಡುವ ಪುಂಡಲೀಕಪ್ಪನವರು ಹೆಂಗಸರೆಂದು ನಗಲಿಲ್ಲ, ಕೂಡಿಸಿ ಹೇಳಿದರು. “ತಂಗೀ, ಈ ಸೂಜಿ ಚುಂಬಕದ ಜಾತಿದು. ಇದರ ದನಿ ರೇಡಿಯೋಕ್ಕ ಸಾಲಂಗಿಲ್ಲ. ನಡುವ ಒಂದು ಸಣ್ಣ ಪೆಟಗಿ ಬೇಕು.” ಜೋರು ಮಾಡಿದರಷ್ಟೇ ಸಾಲದಂತೆ. ಪ್ಲೇಟು ಕೆತ್ತುವಾಗ ದಪ್ಪ ಸ್ವರವನ್ನು ತಗ್ಗಿಸಿ ಸಣ್ಣ ಸ್ವರವನ್ನು ಎಬ್ಬಿಸಿ ಕೆತ್ತುತ್ತಾರಂತೆ. ಪೆಟ್ಟಿಗೆ ಅದನ್ನು ತಿರುಗಿ ಸರಿಮಾಡಬೇಕಂತೆ. ನಾವು ಹಾಸಿನ ನೂಲಿಗೆ ಗಂಜಿ ಹಾಕಿ ನೇಯ್ದು ಆಮೇಲೆ ತೊಳೆದು ತೆಗೆಯುವ ಹಾಗೆ ಎಂದೆ. ಅವರಿಗೆ ಖುಷಿಯಾಯಿತು. ಎರಡು ಪೆಟ್ಟಿಗೆ ತೋರಿಸಿದರು. ಒಂದು ಕಾರ್ಖಾನೆಯದು, ಅರವತ್ತೈದು ರೂಪಾಯಿ. ಇನ್ನೊಂದು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಸಾಮಾನಿನಿಂದ ಅವರೇ ಜೋಡಿಸಿದ್ದು, ಹದಿನೆಂಟು. “ಇದು ಗುಂಯ್ ಅಂತೈತಿ, ಮಾತು ಮಸುಕು ಬರತಾವು, ಸುಳ್ಳು ಹೇಳಂಗಿಲ್ಲ. ಹೊಸದಾಗಿ ಕೇಳೋರಿಗೆ ನಡೀತೈತಿ” ಎಂದರು. ನಾನು ಹದಿನೆಂಟರದ್ದನ್ನೇ ತಂದೆ.

ಗುಂಯ್ ಎಂದದ್ದು ಖರೆ. ಜೇನುಹುಟ್ಟಿನೊಳಗೆ ಕೂತು ಯಾರೋ ಹಾಡಿದಂತಿತ್ತು. ಆದರೆ ಅತ್ತೆಯವರ ಕಣ್ಣಲ್ಲಿ ನೀರು. “ನನ್ನ ಮಗಂದ. ಓಣ್ಯಾಗಿನ ನಾಕ ಮಗ್ಗದ ಸಪ್ಪಳದಾಗ ಅವನ ದನಿ ಹಿಡದಾಕಿ ನಾನು, ಇದರಾಗ ಹಿಡಿಯಂಗಿಲ್ಲೇನು?” ಎಂದರು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಾತು ಹೆಕ್ಕಿಕೊಂಡ ಕಿವಿ ಅದು, ಗುಂಯ್ ಅವರಿಗೆ ಸದ್ದೇ ಅಲ್ಲ. ನಾನೂ ಒಪ್ಪಿಕೊಂಡೆ. ಅಂದಿನಿಂದ ದಿನಾಲು ಎರಡು ಸಲ, ಮುಂಜಾನೆ ಪೂಜೆಯಾದ ಮೇಲೆ ಮತ್ತು ದೀಪ ಹಚ್ಚಿದ ಮೇಲೆ, ಆ ಪ್ಲೇಟು ತಿರುಗಬೇಕು. ಓಣಿಯವರನ್ನೆಲ್ಲ ಕರೆದು ಕೂಡಿಸಿ ಕೇಳಿಸಿದ್ದಾರೆ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಕೆಟ್ಟದ್ದು ನನ್ನ ಆಸೆ. ಮೂರು ವರ್ಷದಿಂದ ನೋಡದ ಗಂಡನ ದನಿಯನ್ನು ಒಮ್ಮೆಯಾದರೂ ಆ ಗುಂಯ್ ಇಲ್ಲದೆ ಕೇಳಬೇಕೆನಿಸಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಎರಡು ಸೀರೆ ಹೆಚ್ಚಿಗೆ ನೇಯ್ದರಾಯಿತು ಎಂದು ಲೆಕ್ಕ ಹಾಕಿ, ದೀಪಾವಳಿ ಆದ ಮೇಲೆ, ನಿಮ್ಮ ಈ ಪತ್ರ ಬರುವ ಹಿಂದಿನ ದಿನ, ಮತ್ತೆ ಪುಂಡಲೀಕಪ್ಪನವರಲ್ಲಿಗೆ ಹೋದೆ. “ಮೂರು ದಿನ ಇಟಗೊಂಡು ಕೇಳು, ಸೇರಿದ್ರ ರೊಕ್ಕ ಕೊಡು” ಎಂದು ಕಾರ್ಖಾನೆಯ ಪೆಟ್ಟಿಗೆಯನ್ನು ಕೊಟ್ಟರು. ಅತ್ತೆಯವರು ಮಲ್ಲಸಮುದ್ರಕ್ಕೆ ತೊಟ್ಟಿಲ ಕಾರ್ಯಕ್ಕೆ ಹೋದ ಮಧ್ಯಾಹ್ನ, ಹೊಸ ಸೀರೆ ಉಟ್ಟು, ಹೌದು, ಹೊಸ ಸೀರೆ ಉಟ್ಟು, ಬಾಗಿಲು ಹಾಕಿಕೊಂಡು ಪ್ಲೇಟು ಹಚ್ಚಿದೆ.

ಗಾಜಿನಂಥ ದನಿ ಬಂತು. ಮೇಲಿನ ಸ್ವರಕ್ಕೆ ಸಲೀಸಾಗಿ ಹತ್ತಿತು. ನೀವು ಸೋಮವಾರದ ಭಜನೆಯಲ್ಲಿ ಅಲ್ಲಿಗೆ ಮುಟ್ಟುವಾಗ ದನಿ ಒಡೆಯುತ್ತಿತ್ತು, ಒಡೆದದ್ದನ್ನು ಮುಚ್ಚಲು ತಾಳ ಜೋರು ಬಾರಿಸುತ್ತಿದ್ದಿರಿ. ನಾನು ಒಲೆಯ ಮುಂದೆ ಕೂತು ನಗುತ್ತಿದ್ದೆ. ಈ ಮನುಷ್ಯ ನೀವಲ್ಲ. ಮುಂಬಯಿಯಲ್ಲಿ ಕಲಿತು ಸುಧಾರಿಸಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡು ಮತ್ತೊಮ್ಮೆ ಹಚ್ಚಿದೆ. ಆಗ ಕೇಳಿತು. ಅವನು ಒಂದು ಸಾಲು ಹಾಡಿದ ಮೇಲೆ ಹಿಂದಿನಿಂದ ಮೂರು ನಾಲ್ಕು ಮಂದಿ ಅದನ್ನೇ ತಿರುಗಿ ಹಾಡುತ್ತಾರಲ್ಲ, ಗುಂಯ್ ಎನ್ನುವ ಪೆಟ್ಟಿಗೆಯಲ್ಲಿ ಒಂದೇ ಮುದ್ದೆಯಾಗಿದ್ದ ಆ ದನಿಗಳು ಈಗ ಬಿಡಿಬಿಡಿಯಾಗಿದ್ದವು. ಅವುಗಳಲ್ಲಿ ಒಂದು ನಿಮ್ಮದು. ಸಾಲು ಮುಗಿಯುವ ಮುಂಚೆಯೇ ಉಸಿರು ಎಳೆದುಕೊಳ್ಳುವುದು ಇನ್ನೂ ಹೋಗಿಲ್ಲ. ಹನ್ನೊಂದು ಸಲ ಹಚ್ಚಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅಳು ಆಮೇಲೆ, ಸೀರೆ ಮಡಚಿ ಇಡುವಾಗ ಬಂತು.

ಹಿಂದೆ ನಿಂತು ಹಾಡಿದ್ದೇನೆ ಎಂದು ಬರೆದಿದ್ದರೆ ನಾನು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದೆ. ಹಿಂದಿನ ದನಿಯಾದರೂ ನನ್ನ ಗಂಡನ ದನಿ. ನೀವು ಇನ್ನೊಬ್ಬನ ಕಂಠವನ್ನು ಹೆತ್ತ ತಾಯಿಗೆ ನಿಮ್ಮದೆಂದು ಕಳಿಸಿ, ಅದರ ಮೇಲೆ ಮಗ್ಗ ಕೇಳಿದಿರಿ. ಎರಡನೇ ಪ್ಲೇಟು ಎಂಬುದು ಇದೆಯೇ? ಹೋದ ಮಗ್ಗದ ದುಡ್ಡು ಯಾವ ವಾದ್ಯದವರಿಗೆ ಹೋಯಿತು? ಉತ್ತರ ಬರೆಯಬೇಡಿ, ಅದನ್ನೂ ನಾನೇ ಓದಿ ಹೇಳಬೇಕಾಗುತ್ತದೆ.

ಸಂಜೆ ಅತ್ತೆಯವರು ಬರುವ ಹೊತ್ತಿಗೆ ಎರಡೂ ಪೆಟ್ಟಿಗೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೆ. ಒಳ್ಳೆಯದನ್ನು ಹಚ್ಚಿದರೆ ನಿಜ ತಿಳಿದು ಮಗ್ಗ ಉಳಿಯುತ್ತದೆ, ಆದರೆ ಅವರಿಗೆ ಓಣಿಯಲ್ಲಿ ತಲೆ ಎತ್ತಲು ಆಗುವುದಿಲ್ಲ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, “ಹಚ್ಚವ್ವಾ, ಇವತ್ತೆಲ್ಲಾ ಅವನ ದನಿ ಕೇಳಿಲ್ಲ” ಎಂದರು. ಹಳೆಯದನ್ನೇ ಹಚ್ಚಿದೆ. ಮರುದಿನ ಕಾರ್ಖಾನೆಯದನ್ನು ತಿರುಗಿ ಕೊಡಲು ಹೋದರೆ ಪುಂಡಲೀಕಪ್ಪನವರಿಗೆ ಆಶ್ಚರ್ಯ. “ಇಷ್ಟು ಚೊಲೋದು ಯಾಕ ಬ್ಯಾಡಂತಿ?” ಎಂದರು. ಅತ್ತೀಗೆ ಹಳೇದ ಸೇರತೈತ್ರಿ ಎಂದು ಬಂದೆ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ತಣ್ಣಗಿನದು ತಿನ್ನಬೇಡ, ಗಂಟಲು ಕಾಪಾಡಿಕೋ ಎಂದು ಎರಡೆರಡು ಸಲ ಹೇಳಿ ಬರೆಸಿದ್ದಾರೆ. ರಸೂಲಬಿಯೂ ಕೇಳಿದ್ದಾಳೆ. ಅವರು ಹೇಳಿದ್ದಷ್ಟನ್ನೂ ಬರೆದೆ, ಉಳಿದದ್ದು ನನ್ನದು.

ಇಂತಿ,
ನಿಮ್ಮ ಮನೆಯಲ್ಲಿ ನೇಯುತ್ತಿರುವ
ದ್ರಾಕ್ಷಾಯಣಿ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹುಚ್ಚೀರಪ್ಪನಿಗೆ ಬರಬೇಡವೆಂದು ಹೇಳಿ ಕಳಿಸಿದೆ. ನಿಮ್ಮಿಂದ ಇನ್ನೊಂದು ಪತ್ರ ಬಂದಿದೆ, ಖರ್ಚೆಲ್ಲ ಕಂಪನಿಯವರೇ ಹಾಕುತ್ತಾರಂತೆ, ಮಗ್ಗ ಮಾರುವುದು ಬೇಡವಂತೆ ಎಂದು ಏನೂ ಬರೆಯದ ಹಾಳೆ ಹಿಡಿದು ಅತ್ತೆಯವರಿಗೆ ಓದಿದೆ. ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡರು. ಇನ್ನು ಮುಂದೆ ನಿಮ್ಮ ಪತ್ರಗಳನ್ನು ನಾನೇ ಬರೆದುಕೊಳ್ಳುತ್ತೇನೆ. ಊರಿಗೆ ಬಂದರೆ ಹಾಡು ಎನ್ನುತ್ತಾರೆ, ಗಂಟಲು ಕೆಟ್ಟಿದೆ ಎಂದು ಹೇಳಿ. ಆ ಪ್ಲೇಟಿನವನ ದನಿಯೇ ಮಗನ ದನಿ ಎಂದು ಅವರ ಕಿವಿಗೆ ಕೂತುಬಿಟ್ಟಿದೆ. ನೀವು ಎದುರಿಗೆ ಕೂತು ಹಾಡಿದರೆ, ಇವನ್ಯಾರು ಎಂದು ನನ್ನನ್ನು ಕೇಳುತ್ತಾರೆ.