ಹಣೆಗೆ ಬಡಿಯುವ ಕಪಾಟು

ಅಪ್ಪ,

ನೀನಂತೂ ಇದನ್ನು ಓದುವುದಿಲ್ಲ. ಇದ್ದಿದ್ದರೂ "ಆಮೇಲೆ ನೋಡೋಣ" ಎಂದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಇದರ ಬೆನ್ನಿಗೇ ಯಾವುದೋ ಕಿಟಕಿಯ ಅಳತೆ ಗೀಚುತ್ತಿದ್ದೆ.

ಊರಿನವರ ಮನೆಗೆಲ್ಲ ಕೂದಲೆಳೆಯಷ್ಟೂ ತಪ್ಪದಂತೆ ಬಾಗಿಲು ಕೂರಿಸಿದ ಬಡಗಿ ನೀನು. ನಮ್ಮ ಅಡುಗೆಮನೆಯ ಗೋಡೆಗೆ ಮಾತ್ರ ಕಪಾಟನ್ನು ಯಾಕಪ್ಪ ಅಷ್ಟು ಕೆಳಗೆ ಹೊಡೆದೆ? ಹಣೆ ಚಚ್ಚಿಸಿಕೊಂಡು ನಾನು ರೇಗಿದಾಗೆಲ್ಲ, "ತಲೆ ಬಗ್ಗಿಸೋದು ಕಲಿ, ಕಪಾಟು ಏನ್ಮಾಡುತ್ತೆ" ಎಂದು ನಗುತ್ತಿದ್ದೆ.

ಇವತ್ತು ಬೇರೆ ಬಡಗಿಯನ್ನು ಕರೆಸಿ ಅದನ್ನು ಒಂದು ಗೇಣು ಮೇಲೇರಿಸಿದೆ. ನೀನು ಕೂರಿಸಿದ್ದನ್ನು ಕೀಳುವಷ್ಟರಲ್ಲಿ ಅವನಿಗೆ ಬೆವರಿಳಿಯಿತು. ಆಮೇಲೆ ಅಮ್ಮ ದೊಡ್ಡ ಪಾತ್ರೆ ಇಳಿಸಲು ಎರಡೂ ಕೈ ಚಾಚಿದಳು. ಎಡಗೈ ಮೇಲೆ ಹೋಯಿತು. ಬಲಗೈ ಕಪಾಟು ಮೊದಲಿದ್ದ ಎತ್ತರದಲ್ಲೇ ನಿಂತುಬಿಟ್ಟಿತು.

"ಏನಾಯ್ತಮ್ಮ?"

"ನೀನು ಹುಟ್ಟೋ ಮುಂಚೆ ಒಂದ್ಸಲ ಬಿದ್ದಿದ್ದೆ. ಆವಾಗಿಂದ ಈ ಕೈ ಇಷ್ಟೇ ಏಳೋದು. ಬಿಡೋ, ಸ್ಟೂಲ್ ಹಾಕ್ಕೋತೀನಿ."

ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಅಪ್ಪ? ಬಂದ ನೆಂಟರ ಮುಂದೆಲ್ಲ ನಿನ್ನ ಕಪಾಟನ್ನು ತೋರಿಸಿ ಆಡಿಕೊಂಡೆ. ಅಮ್ಮ ಮಾತು ತಿರುಗಿಸುತ್ತಿದ್ದಳು. ನೀನು ಅದಕ್ಕೂ ನಗುತ್ತಿದ್ದೆ.

ಬಡಗಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ವಾಪಸ್ ಕರೆದೆ.

"ಮತ್ತೆ ಇಳಿಸಬೇಕಾ? ಎಲ್ಲಿವರೆಗೆ ಸಾರ್?" ಎಂದ, ತಲೆಕೆಟ್ಟವನನ್ನು ನೋಡುವ ಹಾಗೆ.

ಗೋಡೆಯ ಹತ್ತಿರ ಹೋಗಿ ನೆಟ್ಟಗೆ ನಿಂತೆ.

"ನನ್ನ ಹಣೆಗೆ ಬಡಿಯೋ ಹಾಗೆ ಹೊಡಿ."